ಮೂರನೇ ನಂಬರಿನ ಸೀಸೆ

ಕಾಲರಿನ ಒಳಮಡಿಕೆಯಲ್ಲಿ ನಿನ್ನೆಯದು ಇನ್ನೂ ಇದೆ, ಸೊರಗಿದೆ, ಆದರೂ ಇದೆ, ಬೆವರಿನ ಕೆಳಗೆ, ಕಾರ್ಖಾನೆಯ ಗೇಟಿನಲ್ಲಿ ಯಾರೋ ಸೇದಿ ಬಿಟ್ಟ ಬೀಡಿ ಹೊಗೆಯ ಕೆಳಗೆ — ಅವರು ಸೇದುವುದಿಲ್ಲ, ಅಥವಾ ಈಗ ಅದೂ ಶುರುವಾಗಿದೆಯೋ ಏನೋ — ಎಲ್ಲದರ ಕೆಳಗೆ ತಣ್ಣಗೆ ಮಲಗಿದೆ ಆ ಹೂವು, ಜಗದಾಂಬಾ ಗಂಡನ ಅಂಗಿಯನ್ನು ಬಕೆಟ್ಟಿಗೆ ಹಾಕದೆ ಮತ್ತೊಮ್ಮೆ ಮೂಗಿಗೆ ಹಿಡಿದಳು, ಕೇದಿಗೆ, ಕೇದಿಗೆಯೇ, ಮುಳ್ಳುಗರಿಯ ಹೊಟ್ಟೆಯೊಳಗಿಂದ ಹಳದಿ ಹಿಟ್ಟು ಉದುರಿಸುವ ಕೇದಿಗೆ, ಈ ತಿಂಗಳಲ್ಲಿ ಊರಿನ ಅರ್ಧ ಹೆಂಗಸರ ಜಡೆಯಲ್ಲಿರುವ, ಈ ಮನೆಗೆ ಮಾತ್ರ ಬರಕೂಡದ ಕೇದಿಗೆ. ಬಚ್ಚಲಿನಲ್ಲಿ ಚೊಂಬು ಹಂಡೆಗೆ ತಗುಲಿದ ಸದ್ದು, ನಾಲ್ಕು, ಐದು, ಅವರದು ಹದಿನಾಲ್ಕು ಚೊಂಬಿನ ಸ್ನಾನ, ಹನ್ನೊಂದು ವರ್ಷದಿಂದ ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ಅಂದರೆ ಇನ್ನೂ ಒಂಬತ್ತು ಉಂಟು, ಅವಳು ಜೇಬಿಗೆ ಕೈ ಹಾಕಿದಳು. ಕರವಸ್ತ್ರ. ಪೆನ್ಸಿಲ್ ತುಂಡು. ಬೆರಳಗಲದ ಉದ್ದನೆಯ ಕಾಗದದ ಪಟ್ಟಿ, ಕಾರ್ಖಾನೆಯಲ್ಲಿ ಸೀಸೆಯೊಳಗೆ ಅದ್ದಿ ವಾಸನೆ ನೋಡುವ ಪಟ್ಟಿ, ಅದರಲ್ಲೂ ಅದೇ. ಬೇರೇನೂ ಇಲ್ಲ. ಏನೂ ಇಲ್ಲದ ಜೇಬು ಒಳ್ಳೆಯದಲ್ಲ, ಜೇಬು ಬರಿದು ಮಾಡಿಕೊಂಡೇ ಮನೆಗೆ ಬರುವವರಿಗೆ ಬರಿದು ಮಾಡುವ ಕಾರಣವೂ ಇರುತ್ತದೆ, ಏಳು, ಎಂಟು, ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದಿಡು ಅಂದಿದ್ದಾರೆ, ಹತ್ತು ಗಂಟೆಗೆ ಮ್ಯಾನೇಜರ ಕೋಣೆಯಲ್ಲಿ ಮೀಟಿಂಗಂತೆ, ಮೂರು ಸೀಸೆಗಳಲ್ಲಿ ಒಂದನ್ನು ಇವರು ಆರಿಸಬೇಕಂತೆ, ಮೀಟಿಂಗಿಗೆ ಬಿಳಿ ಅಂಗಿ ಯಾತಕ್ಕೆ, ಸೀಸೆ ಆರಿಸಲು ಬಿಳಿ ಅಂಗಿ ಬೇಕೆ.

ಮೂಗಿನ ಕೆಲಸ ಅವರದು. ಚಿತ್ರದುರ್ಗದ ತೌರಿನಲ್ಲಿ ಇದನ್ನು ಹೇಳಿದರೆ ಅಣ್ಣಂದಿರು ಇವತ್ತಿಗೂ ನಗುತ್ತಾರೆ, ನಮ್ಮ ಭಾವನಿಗೆ ಮೂಸಿದ್ದಕ್ಕೆ ಸಂಬಳ ಕಣೋ, ಊಟಕ್ಕೆ ಕೂತರೆ ಇನ್ನೆಷ್ಟು ಕೊಡುತ್ತಾರೋ — ಆದರೆ ರಾಜಾಜಿನಗರದ ಈ ಹೊಸ ಕೈಗಾರಿಕೆಯ ಬಡಾವಣೆಯಲ್ಲಿ, ಕೆಂಪು ಮಣ್ಣಿನ ರಸ್ತೆಗೆ ಇನ್ನೂ ಜಲ್ಲಿ ಬೀಳುವ ಮೊದಲೇ ಎದ್ದ ಸೋಪು ಮತ್ತು ಸೆಂಟಿನ ಕಾರ್ಖಾನೆಯಲ್ಲಿ, ರೇವಣಸಿದ್ದಪ್ಪ ಮೂಸಿ ಸರಿ ಅನ್ನದೆ ಒಂದು ಬಿಲ್ಲೆ ಸೋಪೂ ಹೊರಗೆ ಹೋಗುವುದಿಲ್ಲ, ಕೆಲಸದವರು ಅವರಿಗೆ ಮೂಗಪ್ಪನವರು ಅಂತ ಹೆಸರಿಟ್ಟಿದ್ದಾರೆ, ಎದುರಿಗೂ ಹಾಗೇ ಕರೆಯುತ್ತಾರಂತೆ, ಅದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ, ಒಂದು ಬಗೆಯ ಜಂಬವಿತ್ತು. ಮನೆಯಲ್ಲಿ ಮೂಗಿಗೆ ರಜ. ಊದುಬತ್ತಿ ಹಚ್ಚಬಾರದು, ಬಟ್ಟೆಯ ಪೆಟ್ಟಿಗೆಯಲ್ಲಿ ಕರ್ಪೂರ ಇಡಬಾರದು, ಅವಳ ಮೈಸೋಪು ಕೂಡ ವಾಸನೆಯಿಲ್ಲದ್ದು, ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು ಈರುಳ್ಳಿ ಹೆಚ್ಚಬಾರದು, ಮುಡಿಯಲು ಮಲ್ಲಿಗೆ ಬೇಕಾದರೆ ಭಾನುವಾರ. ಹನ್ನೊಂದು ವರ್ಷ ಹೀಗೆ ಬಾಳಿದ ಮನುಷ್ಯ ಈ ಆಷಾಢದಲ್ಲಿ ಒಂದು ದಿನ ಸಣ್ಣ ಸೀಸೆ ಹಿಡಿದುಕೊಂಡು ಬಂದು, ಕನ್ನಡಿಯ ಎದುರು ನಿಂತು, ಗಾಜಿನ ಬಿರಡೆಯಿಂದ ಎರಡು ಹನಿ ಎದೆಗೆ, ಒಂದು ಹನಿ ಮಣಿಕಟ್ಟಿಗೆ. ಅಡುಗೆಮನೆಯ ಬಾಗಿಲಿಗೆ ಬಂದು ಆ ಮಣಿಕಟ್ಟನ್ನು ಅವಳ ಮುಂದೆ ಚಾಚಿದರು. ಒಳಮಗ್ಗುಲು ಮೇಲೆ, ಬಿಸಿಲು ಕಾಣದ ಬಿಳಿಯ ಚರ್ಮ, ನಡುವೆ ಒಂದು ನೀಲಿ ನರ. ಹೆಂಗೈತಿ ನೋಡು.

ಹೆಂಗೈತಿ ನೋಡು! ಅವಳನ್ನು! ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳು ಯಾವುದೋ ಅತ್ತರನ್ನು ಗುಲಾಬಿ ಅಂದಿದ್ದಕ್ಕೆ ಮೂರು ದಿನ ನಕ್ಕಿದ್ದರು, ಅದು ಹಿನ್ನಾ ಕಣೇ, ಮದರಂಗಿಯದು, ನಿನ್ನ ಮೂಗು ಇರೋದು ಬರೀ ಮೂಗುತಿ ಚುಚ್ಚಿಸಿಕೊಳ್ಳೋಕೆ. ಆ ಮಾತು ಎಷ್ಟು ವರ್ಷ ಕಳೆದರೂ ಹೋಗಿಲ್ಲ. ಆಮೇಲೆ ಅವಳು ಕಲಿತಳು, ಅವರಿಗೆ ಹೇಳದೆ, ದಿನವೂ ಕಾರ್ಖಾನೆಯಿಂದ ಬರುವ ಅಂಗಿಯನ್ನು ಒಗೆಯುವ ಮೊದಲು ಮೂಸಿ ಇವತ್ತು ಲಾವಂಚ, ಇವತ್ತು ಗಂಧದೆಣ್ಣೆ, ಇವತ್ತು ನಿಂಬೆಹುಲ್ಲು, ಸಂಜೆ ಮಾತಿನ ನಡುವೆ ಅವರು ತಾವಾಗಿ ಹೇಳಿದಾಗ ತನ್ನ ಲೆಕ್ಕ ಸರಿಯಾಯಿತೆಂದು ಒಳಗೇ ಹಿಗ್ಗಿ. ಅದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಯಾತಕ್ಕೆ ಕೇಳಿದರು? ಬೊಂಬಾಯಿಗೆ ಹೋಗಿ ಬಂದ ಮ್ಯಾನೇಜರು, ಗೋಪೀನಾಥ ಅಂತ, ಇನ್ನೂ ನಲವತ್ತಾಗದ ಮನುಷ್ಯ, ಅವರ ತಲೆಯಲ್ಲಿ ಹುಟ್ಟಿದ್ದಂತೆ ಇದು, ಗಂಡಸರಿಗೆಂದೇ ಹೂವಿನ ಸೆಂಟು, ಮದುವೆ ಮನೆಯ ಅತ್ತರಿನ ಹಾಗೆ ಅಂಗಿಗೆ ಜಿಡ್ಡು ಹಿಡಿಸದ್ದು, ಸ್ಪಿರಿಟ್ಟಿನಲ್ಲಿ ಮಾಡಿದ್ದು, ಹಾಕಿಕೊಂಡ ಹತ್ತು ನಿಮಿಷಕ್ಕೆ ಒಂದು ಬಗೆ ಮಧ್ಯಾಹ್ನಕ್ಕೆ ಒಂದು ಬಗೆ ಸಂಜೆಗೆ ಇನ್ನೊಂದು, ಆಫೀಸಿಗೆ ಹೋಗುವ ಗಂಡಸು ಬೆವರು ನಾರುತ್ತಾ ಕೂತಿರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ರೇವಣಸಿದ್ದಪ್ಪನವರೇ ಅಂದರಂತೆ. ಮೂರು ಸೀಸೆ, ಮೇಲೆ ಬರೀ ನಂಬರು, ಒಳಗೆ ಯಾವ ಹೂವು ಅಂತ ಮ್ಯಾನೇಜರಿಗೂ ಬೆರೆಸಿದವನಿಗೂ ಬಿಟ್ಟರೆ ಇನ್ನು ಯಾರಿಗೂ ತಿಳಿಯಕೂಡದು, ಹಾಕಿಕೊಂಡವರ ಎದುರು ಕಾರ್ಖಾನೆಯಲ್ಲಿ ಯಾರೂ ಅದರ ಮಾತೆತ್ತಕೂಡದು, ಒಂದೊಂದನ್ನೂ ಮೂರು ವಾರ ಮೈಮೇಲೆ ಹಾಕಿಕೊಂಡು ಓಡಾಡಿ, ಬರೆದು, ಕೊನೆಗೆ ಇದು ಅಂತ ಒಂದನ್ನು ಹೇಳಬೇಕು. ಇಷ್ಟನ್ನೂ ಅವರೇ ಹೇಳಿದ್ದು. ಸರಿಯಾಗಿಯೇ ಇದೆ, ಎಲ್ಲ ಕೂಡಿ ಬರುತ್ತದೆ, ಇಷ್ಟು ಸರಿಯಾಗಿ ಕೂಡಿ ಬರುವ ಮಾತನ್ನು ನಂಬಬಾರದೆಂದು ಅವಳಿಗೆ ಅನ್ನಿಸಿದ್ದು ಮಣಿಕಟ್ಟು ಚಾಚಿದಾಗ. ಕೆಲಸದ್ದಾದರೆ ತಮ್ಮ ಮೂಗನ್ನೇ ಕೇಳುತ್ತಿದ್ದರು. ಹೆಂಡತಿಯನ್ನು ಕೇಳುವುದು ಹೆಂಡತಿಗೆ ಎಷ್ಟು ತಿಳಿಯುತ್ತದೆ ಅಂತ ನೋಡಲು. ಯಾವ ವಾಸನೆಯನ್ನು ಯಾವ ವಾಸನೆ ಮುಚ್ಚುತ್ತದೆ ಅಂತ ನೋಡಲು.

ಅದಕ್ಕೇ ಅವಳು ಅವತ್ತು ಬಗ್ಗಿ ಮೂಸಿ, ಒಂದು ಕ್ಷಣ ಕಾದು, ಗುಲಾಬಿ ಅಂದಳು. ಅದು ಸುರಗಿ. ಒಣಗಿದ ಮೇಲೂ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುವ ಸುರಗಿಯನ್ನು ಮಗು ಕೂಡ ಗುಲಾಬಿ ಅನ್ನಲಾರದು. ನಗುತ್ತಾರೆ, ಮೂಗುತಿಯ ಮಾತು ತೆಗೆಯುತ್ತಾರೆ, ಆಗ ಮುಖ ನೋಡಿ ತಿಳಿದುಕೊಳ್ಳೋಣ ಅಂತ ಕಾದಳು. ಅವರು ನಗಲಿಲ್ಲ. ಗುಲಾಬಿ, ಅಂತ ತಾವೂ ಒಮ್ಮೆ ಮೆಲ್ಲಗೆ ಅಂದುಕೊಂಡು ಹೊರಗೆ ಹೋದರು. ತಿದ್ದಲಿಲ್ಲ! ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿಯ ಜಾಗದಲ್ಲಿದ್ದರೆ ತಿದ್ದುವ ಮನುಷ್ಯ ಇದನ್ನು ತಿದ್ದಲಿಲ್ಲ, ಅಂದರೆ ಮನಸ್ಸು ಇಲ್ಲಿಲ್ಲ, ಮನಸ್ಸು ಎಲ್ಲೋ ಇದೆ. ಎರಡನೇ ಸೀಸೆ ಬಂತು, ಮತ್ತೆ ಮಣಿಕಟ್ಟು, ಮತ್ತೆ ಹೆಂಗೈತಿ ನೋಡು, ಅದು ಮೊಗ್ಗು ಮಲ್ಲಿಗೆ, ತೊಟ್ಟಿನ ಹಸಿಯೂ ಸೇರಿದ ಮಲ್ಲಿಗೆ, ಎಷ್ಟು ಚೆನ್ನಾಗಿತ್ತು ಅಂದರೆ ಒಂದು ಗಳಿಗೆ ಅವಳಿಗೆ ನಿಜ ಹೇಳಬೇಕೆನ್ನಿಸಿತ್ತು, ಮಲ್ಲಿಗೆ ರೀ, ಬೆಳಗಿನ ಜಾವ ಕೊಯ್ದದ್ದು — ಆದರೆ ಸಂಪಿಗೆ ಅಂದಳು, ಸ್ವಲ್ಪ ತಲೆನೋಯುತ್ತೆ, ಅಂತಲೂ ಸೇರಿಸಿದಳು. ಅದಕ್ಕೂ ತಲೆದೂಗಿದರು. ಹನ್ನೊಂದು, ಹನ್ನೆರಡು. ಚೊಂಬು ನಿಂತಿತೇ? ಇಲ್ಲ, ಹನ್ನೆರಡು.

ಬೀದಿಯ ಕಡೆ ಹಾಲಿನ ಕ್ಯಾನಿನ ಸದ್ದು, ಕಾಮಾಕ್ಷಿಪಾಳ್ಯದ ಮುನಿಲಕ್ಷ್ಮಮ್ಮ, ಅವಳ ಹಾಲಿಗಿಂತ ಮೊದಲು ಅವಳ ಮಾತು ಒಳಗೆ ಬರುತ್ತದೆ, ಮೂರು ವಾರದ ಹಿಂದೆ ಪಾವು ಹಿಡಿದುಕೊಂಡೇ ಅಂದಿದ್ದಳು, ಏನ್ರಮ್ಮಾ ನಿಮ್ ಯಜಮಾನ್ರು ಓಯ್ತಾ ಇದ್ರೆ ದಾರಿ ಉದ್ದಕ್ಕೂ ಮದ್ವೆ ದಿಬ್ಬಣ ಓದಂಗಾಯ್ತದೆ, ನಮ್ಮೋನೂ ಅವ್ನೆ, ಎಮ್ಮೆ ಮುಂದೆ ಓಯ್ತೋ ಅವ್ನು ಮುಂದೆ ಓದ್ನೋ ತಿಳಿಯಾಕಿಲ್ಲ. ಜಗದಾಂಬಾ ನಕ್ಕಿದ್ದಳು. ನಗದೆ ಇದ್ದರೆ ಇನ್ನಷ್ಟು ಹೇಳುತ್ತಾಳೆ. ಆದರೂ ಹೇಳಿದಳು, ದನಿ ತಗ್ಗಿಸಿ, ಹುಷಾರಮ್ಮಾ, ಗಂಡ್ಸು ಹೂ ಮುಡಿಯಾಕಿಲ್ಲ, ಹೂವಿನ ವಾಸ್ನೆ ಬಂತು ಅಂದ್ರೆ ಮುಡ್ದೋರು ಇನ್ಯಾರೋ ಇರ್ತಾರೆ. ತಮಾಷೆಗೆ ಹೇಳಿದ್ದು. ಎಲ್ಲರೂ ತಮಾಷೆಗೇ ಹೇಳುವುದು. ಆಗ ಮೂರನೇ ಸೀಸೆ ಬಂದು ಎರಡು ದಿನವಾಗಿತ್ತು, ಕೇದಿಗೆಯ ಎರಡು ದಿನ. ಕಾರ್ಖಾನೆಯಲ್ಲಿ ಸೋಪಿಗೆ ಕಾಗದ ಸುತ್ತುವ ಹೆಂಗಸರು ಸಂಜೆ ಗೇಟಿನಿಂದ ಹೊರಗೆ ಬರುವಾಗ ಮೂರರಲ್ಲಿ ಒಬ್ಬಳ ಜಡೆಗೆ ಕೇದಿಗೆಯ ಗರಿ, ಅವಳು ನೋಡಿದ್ದಾಳೆ, ತರಕಾರಿಗೆ ಹೋದವಳ ಹಾಗೆ ಚೀಲ ಹಿಡಿದು ಎರಡು ಸಂಜೆ ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ನಿಂತು ನೋಡಿದ್ದಾಳೆ, ಬಿ.ಎ. ಓದಿದವಳು, ಹೊಂಗೆ ಮರದ ಕೆಳಗೆ, ಥೂ. ಯಾವ ಜಡೆಯೂ ಅವರ ಹತ್ತಿರ ನಿಲ್ಲಲಿಲ್ಲ. ಅವರು ತಲೆ ತಗ್ಗಿಸಿ ಒಬ್ಬರೇ ನಡೆದು ಹೋದರು, ಬೇಕೆಂದೇ ಒಬ್ಬರೇ ನಡೆದವರ ಹಾಗೆ.

ಬೇರೆ ಯಾವ ಹೂವಾಗಿದ್ದರೂ ಹೋಗಲಿ ಅನ್ನಬಹುದಿತ್ತು. ಹರಿಹರದ ಅತ್ತೆಯ ಮನೆ, ಮದುವೆಯಾದ ಎರಡನೇ ವರ್ಷ, ಗೆಳತಿಯೊಬ್ಬಳು ಪ್ರೀತಿಯಿಂದ ಅವಳ ಜಡೆಗೆ ಕೇದಿಗೆ ಹೆಣೆದು ಕಳಿಸಿದ್ದಳು, ಇವರು ಆಗಷ್ಟೇ ಅಂಗಡಿಯ ಕಡೆಯಿಂದ ಬರುತ್ತಾ ಇದ್ದವರು, ಇನ್ನೂ ಅಂಗಳದ ಆ ತುದಿಯಲ್ಲಿದ್ದಾರೆ, ಅವಳ ಮುಖ ಅವರ ಕಡೆ, ಜಡೆ ಬೆನ್ನ ಹಿಂದೆ, ಗಾಳಿಯೂ ಇಲ್ಲ, ಅಲ್ಲಿಂದಲೇ ನಿಂತು ಕೇದಿಗಿ ಮುಡಿದೀಯಾ ಅಂದಿದ್ದರು. ಕೋಪವಲ್ಲ, ಗಾಬರಿ. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಲಿಂಗವನ್ನು, ಅಂಗೈಯಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತುಬಿಟ್ಟಿದ್ದರು. ಅತ್ತೆ ಜಡೆ ಬಿಚ್ಚಿಸಿ, ತಲೆಗೆ ನೀರು ಹಾಕಿಸಿ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿದರು, ಶಿವನ ನೆತ್ತಿಯನ್ನು ನೋಡಿ ಬಂದೆ ಅಂತ ಬ್ರಹ್ಮ ಸುಳ್ಳು ಹೇಳಿದ, ಹೌದು ನಾನೂ ಕಂಡೆ ಅಂತ ಕೇದಿಗೆ ಸುಳ್ಳು ಸಾಕ್ಷಿ ಹೇಳಿತು, ಅವತ್ತಿನಿಂದ ಆ ಹೂವು ಶಿವನಿಗಿಲ್ಲ ಮಗಳೇ, ಲಿಂಗ ಕಟ್ಟಿದ ಮೈಗೂ ಇಲ್ಲ, ನಮ್ಮನೆಯಾಗಂತೂ ಹೆಸರೂ ಎತ್ತೋದಿಲ್ಲ. ಅಂಥವರ ಮಗ. ಇವತ್ತಿಗೂ ಲಿಂಗಪೂಜೆಯಿಲ್ಲದೆ ನೀರು ಕುಡಿಯದವರು. ಪೂಜೆ ಮುಗಿದ ಮೇಲೆ ಅದೇ ಎದೆಗೆ, ಕರಡಿಗೆ ತೂಗುವ ಅದೇ ಜಾಗಕ್ಕೆ, ದಿನವೂ ಕೇದಿಗೆ ಹಚ್ಚುತ್ತಾರೆ, ಏನೂ ಆಗದವರ ಹಾಗೆ. ಶಿವನನ್ನೇ ಮರೆಸುವಷ್ಟು ಇಷ್ಟವಾದವಳು ಯಾರು. ಈ ಸೀಸೆಯ ಮೊದಲ ದಿನ ಮಣಿಕಟ್ಟು ಚಾಚಿದಾಗ ಅವಳು ಅಂದದ್ದು ಕೊಂಕು ಮಾತು, ಮೊನಚಾಗಿರಲಿ ಅಂತ ಆರಿಸಿ ಆಡಿದ್ದು, ವಿಭೂತಿಯ ವಾಸನೆ, ಜಗಲಿಯ ಮೇಲೆ ಪೂಜೆಗೆ ಕೂತ ಹಾಗಿದೆ. ಚುಚ್ಚುತ್ತದೆ ಅಂದುಕೊಂಡಳು. ಅವರ ಮುಖ ಅರಳಿತು. ಹೌದಾ ಅಂದರು. ಎಷ್ಟು ದೊಡ್ಡ ನಟ!

ಹದಿನಾಲ್ಕು. ಬಚ್ಚಲ ಬಾಗಿಲು, ಒದ್ದೆ ಹೆಜ್ಜೆ, ಮಡಿಪಂಚೆಯ ಸರಬರ, ನಡುಮನೆಯ ಮೂಲೆಯಲ್ಲಿ ಪರದೆ ಎಳೆದ ಸದ್ದು, ಇನ್ನು ಅರ್ಧ ಗಂಟೆ ಆಚೆಗೆ ಲಿಂಗಪೂಜೆ, ಈಚೆಗೆ ಅವಳು. ಅನ್ನದ ತಪ್ಪಲೆಯನ್ನು ಕೆಳಗಿಳಿಸಿ ಕೈ ಒರೆಸಿಕೊಂಡು ಮಲಗುವ ಕೋಣೆಗೆ ಹೋದಳು. ಕಾರ್ಖಾನೆಗೆ ಒಯ್ಯುವ ಚರ್ಮದ ಚೀಲ ಗೂಟದಲ್ಲಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದರ ಬಕ್ಕಲು ಬಿಚ್ಚಿದವಳಲ್ಲ, ಇವತ್ತು ಬಿಚ್ಚುತ್ತಾ ಇದ್ದೇನೆ ಅಂತ ತನಗೇ ಹೇಳಿಕೊಂಡಳು, ಹೇಳಿಕೊಂಡು ಮಾಡಿದರೆ ಕಳ್ಳತನವಲ್ಲವೇನೋ ಅನ್ನುವ ಹಾಗೆ. ಕಾಗದ ಇರುತ್ತದೆ. ಇರಲೇಬೇಕು, ಮಡಿಸಿ ಮಡಿಸಿ ಸಣ್ಣದು ಮಾಡಿದ ಕಾಗದ, ಕೆಟ್ಟ ಅಕ್ಷರದ್ದು, ಹೆಂಗಸಿನದು. ಬುತ್ತಿಯ ಡಬ್ಬಿ ಇಡುವ ಜಾಗ, ಖಾಲಿ. ಹಳೆಯ ದಿನಪತ್ರಿಕೆ. ಕಪ್ಪು ರಟ್ಟಿನ ನೋಟ್‌ಬುಕ್ಕು. ಕಾಗದ ಅದರ ನಡುವೆ ಇರುತ್ತದೆ, ಬುಕ್ಕನ್ನು ತಲೆಕೆಳಗು ಹಿಡಿದು ಒದರಿದಳು, ಏನೂ ಬೀಳಲಿಲ್ಲ, ಹಾಗಾದರೆ ಒಳಗೇ ಬರೆದಿರುತ್ತಾರೆ, ತೆರೆದಳು. ಒಂದನೇ ನಂಬರು, ಜುಲೈ. ಅವರ ದುಂಡು ಅಕ್ಷರ. ಬೆಳಿಗ್ಗೆ: ಸ್ಪಷ್ಟವಾಗಿ ಗುಲಾಬಿ.

ಗುಲಾಬಿ. ಇದು ನನ್ನ ಮಾತು. ಎರಡನೇ ಸಾಲು, ಸಂಜೆ: ಗುಲಾಬಿಯೇ, ಸ್ವಲ್ಪ ಸಪ್ಪೆ — ಇದೂ ನನ್ನದು, ಸಂಜೆ ಬಂದು ಮತ್ತೆ ಕೈ ಚಾಚಿದಾಗ ಕೆಲಸದ ಮಧ್ಯೆ ಸುಮ್ಮನೆ ಅಂದದ್ದು. ಅವಳು ಪುಟ ತಿರುಗಿಸಿದಳು. ಎರಡನೇ ನಂಬರು: ಸಂಪಿಗೆ, ಕೆಲವರಿಗೆ ತಲೆನೋವು ತರಬಹುದು. ಕೆಲವರಿಗೆ! ಆ ಕೆಲವರು ಯಾರು, ಒಲೆಯ ಮುಂದೆ ಕೂತ ಒಬ್ಬಳು. ಒಂದೊಂದು ದಿನದ ಕೆಳಗೂ ಅವಳದೇ ಮಾತು, ಅವಳು ಆಡಿ ಮರೆತದ್ದು, ಅವಳು ಸುಳ್ಳೆಂದು ತಿಳಿದೇ ಆಡಿದ್ದು, ಎಲ್ಲವನ್ನೂ ನೆಟ್ಟಗೆ ಗೆರೆ ಎಳೆದು, ತಾರೀಖು ಹಾಕಿ, ಒಂದು ಚುಕ್ಕಿಯೂ ಬಿಡದೆ. ಮೂರನೇ ನಂಬರು. ವಿಭೂತಿಯನ್ನು, ದೇವರ ಜಗಲಿಯನ್ನು ನೆನಪಿಗೆ ತರುತ್ತದೆ. ಹೂವಿನದಾದರೂ ಹೆಣ್ಣಿನದೆನ್ನಿಸುವುದಿಲ್ಲ. ಪೂಜೆ ಮುಗಿಸಿದ ಗೃಹಸ್ಥನು ಕೂಡ ಸಂಕೋಚವಿಲ್ಲದೆ ಹಚ್ಚಿಕೊಳ್ಳಬಹುದು, ನಾನು ಸ್ವತಃ ಲಿಂಗಪೂಜೆಯ ನಂತರ ದಿನವೂ ಹಚ್ಚಿಕೊಂಡು ನೋಡಿದ್ದೇನೆ. ಮೂರರಲ್ಲಿ ನನ್ನ ಆಯ್ಕೆ ಇದು. ಕೆಳಗೆ ರುಜು, ನಿನ್ನೆಯ ತಾರೀಖು. ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ನಟನೆಯಲ್ಲ. ಯಾರೂ ನಟಿಸುತ್ತಾ ಇಷ್ಟು ಚೆನ್ನಾಗಿ ರುಜು ಹಾಕುವುದಿಲ್ಲ. ಕೇದಿಗೆಯನ್ನು ಅಂಗಳದ ಆ ತುದಿಯಿಂದ ಹಿಡಿದವರು ಎದೆಯ ಮೇಲಿನ ಕೇದಿಗೆಯನ್ನು ವಿಭೂತಿ ಅಂತ ಬರೆಯಬೇಕಾದರೆ — ಅಯ್ಯೋ ಶಿವನೇ, ಇವರಿಗೆ ವಾಸನೆ ಬರುತ್ತಿಲ್ಲ.

ಕಾಲೇಜಿನಲ್ಲಿ ತರ್ಕ ಹೇಳಿಕೊಟ್ಟ ಮೇಷ್ಟರು ಹೇಳುತ್ತಿದ್ದರು, ಒಂದು ಗುರುತಿಗೆ ಎರಡು ಕಾರಣ ಇರಬಹುದು, ಮೊದಲು ಹೊಳೆದ ಕಾರಣವನ್ನೇ ಹಿಡಿದು ಕೂರಬೇಡಿ ಅಂತ, ಅವಳು ಆ ವಿಷಯದಲ್ಲಿ ಕಾಲೇಜಿಗೇ ಎರಡನೆಯವಳು. ಜೂನಿನಲ್ಲಿ ಬಂದ ಫ್ಲೂ ಜ್ವರ, ಊರಿಗೆ ಊರೇ ಹಾಸಿಗೆ ಹಿಡಿದಿತ್ತು, ಇವರು ಎಂಟು ದಿನ ಮಲಗಿದ್ದರು, ಎದ್ದ ಮೇಲೆ ಬಾಯಿಗೆ ರುಚಿಯಿಲ್ಲ ಅಂದರು, ಅದು ಎಲ್ಲರೂ ಅನ್ನುವ ಮಾತು. ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟು ಮನೆಯೆಲ್ಲ ಕಮಟು, ಎರಡು ಮಾರು ದೂರದಲ್ಲಿ ಪೇಪರು ಓದುತ್ತಾ ಕೂತವರು ಪುಟ ಮಗುಚಿದರು, ಅವಳು ಬಾವಿಕಟ್ಟೆಯಿಂದ ಓಡಿ ಬಂದು, ಯಾರ ಧ್ಯಾನದಲ್ಲಿದ್ದೀರಿ ಅಂತ ಕೇಳಿದ್ದಳು, ಯಾರ ಅನ್ನುವುದನ್ನು ಎಳೆದು. ಅವರು ಒಲೆಯನ್ನೇ ನೋಡುತ್ತಿದ್ದರು. ಹಳಸಿದ ಹುಳಿಯನ್ನು ಉಂಡು ಎದ್ದರು. ಮೊನ್ನೆ ಹಿತ್ತಿಲಲ್ಲಿ ಇಲಿ ಸತ್ತು ಎರಡು ದಿನ ನಾರಿತು, ಅವರು ಅಲ್ಲೇ ನಿಂತು ಕ್ಷೌರ ಮಾಡಿಕೊಂಡರು, ಹಾಡು ಗುನುಗುತ್ತಾ. ಎಲ್ಲವನ್ನೂ ಅವಳು ಕೂಡಿಹಾಕಿ ಇಟ್ಟಿದ್ದಳು, ಬೇರೊಬ್ಬ ಹೆಂಗಸಿನ ಲೆಕ್ಕಕ್ಕೆ. ಇಲ್ಲದ ಆ ಹೆಂಗಸಿಗೆ ಜಡೆ ಕೊಟ್ಟಿದ್ದಳು, ಹಸಿರು ರವಿಕೆ ಕೊಟ್ಟಿದ್ದಳು, ನಕ್ಕರೆ ಕಾಣುವ ಮುರುಕು ಹಲ್ಲು ಕೂಡ ಕೊಟ್ಟಿದ್ದಳು. ಮೂರು ತಿಂಗಳು ಕಾರ್ಖಾನೆಯಲ್ಲಿ ಹೇಗೆ ದಾಟಿಸಿದರು? ಸೋಪಿನ ಬಣ್ಣ ನೋಡಿಯೇ, ಪಕ್ಕದವರ ಮುಖ ನೋಡಿಯೇ, ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಯಾರಾದರೂ ಮೊದಲು ಮಾತಾಡಲಿ ಅಂತ ಕಾದೇ. ಮೂಗಪ್ಪನವರು. ಮೂಗು ಹೋದರೆ ಕೆಲಸ ಹೋಯಿತು, ಬೇರೆ ಕೆಲಸ ಬಾರದು ಆ ಮನುಷ್ಯನಿಗೆ, ಯಾರಿಗೂ ಹೇಳಲಾರದೆ, ಮೂಗುತಿ ಚುಚ್ಚಿಸಿಕೊಳ್ಳಲು ಮಾತ್ರ ಆದ ಮೂಗಿನ ಮುಂದೆ ಬಂದು ಕೈ ಚಾಚಿದರು. ಆ ಮೂಗು ಅವರಿಗೆ ಸುಳ್ಳು ಹೇಳಿತು. ಹತ್ತು ಗಂಟೆಗೆ ಗೋಪೀನಾಥ ಈ ಬುಕ್ಕನ್ನು ತೆರೆದು, ಸುರಗಿಯನ್ನು ಗುಲಾಬಿ ಅಂದ, ಮಲ್ಲಿಗೆಯನ್ನು ಸಂಪಿಗೆ ಅಂದ, ಲಿಂಗಪೂಜೆಯಾದ ಮೇಲೆ ಕೇದಿಗೆ ಹಚ್ಚಿಕೊಳ್ಳಿ ಅಂದ ಮನುಷ್ಯನನ್ನು ಹೇಗೆ ನೋಡುತ್ತಾರೆ, ನಗುತ್ತಾರೋ, ಬೈದರೂ ಪರವಾಗಿಲ್ಲ, ನಗುತ್ತಾರೋ. ಹಾಳೆ ಹರಿದು ಒಲೆಗೆ ಹಾಕಿದರೆ? ಬುಕ್ಕು ಕಳೆಯಿತೆಂದರೆ? ಬುಕ್ಕಿಲ್ಲದೆ ಬಾಯಲ್ಲೇ ಹೇಳುತ್ತಾರೆ, ವಿಭೂತಿ, ಅಂತ. ಬಾಯಿಯಿಂದ ಹೇಗೆ ಹರಿಯುವುದು. ಸುಮ್ಮನಿರಬಹುದು. ಸುಮ್ಮನಿದ್ದರೆ ಸುಳ್ಳು ಯಾರದೆಂದು ಯಾರಿಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ, ಮೂಗು ಹೋದವನ ತಪ್ಪು ಅಂತ ಮುಗಿದುಹೋಗುತ್ತದೆ. ಹೀಗೂ ಯೋಚನೆ ಬಂತು. ಬಂತು, ಬರಲಿಲ್ಲ ಅನ್ನಲಾರಳು.

ಪರದೆ ಸರಿಯಿತು, ಗಂಟೆಯ ಸದ್ದನ್ನು ಅವಳು ಕೇಳಿಸಿಕೊಂಡಿರಲೇ ಇಲ್ಲ, ಬಿಳಿ ಅಂಗಿಯ ಗುಂಡಿ ಹಾಕದೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಇನ್ನೂ ಹಸಿ, ಅವರು ನೇರ ಕನ್ನಡಿಯ ಹತ್ತಿರ ಬಂದರು, ಬಿರಡೆ ತೆಗೆದರು, ಎದೆಗೆ ಎರಡು ಹನಿ, ಕರಡಿಗೆ ತೂಗುವ ಶಿವದಾರದ ಪಕ್ಕಕ್ಕೆ, ಕೇದಿಗೆ ಕೋಣೆ ತುಂಬಿತು, ಮಣಿಕಟ್ಟಿಗೆ ಒಂದು, ಆಗ ಕನ್ನಡಿಯಲ್ಲಿ ಕಂಡದ್ದು ಹಾಸಿಗೆಯ ಅಂಚಿನಲ್ಲಿ ಕೂತ ಹೆಂಡತಿ, ಅವಳ ತೊಡೆಯ ಮೇಲೆ ತೆರೆದ ಕಪ್ಪು ಬುಕ್ಕು. ಬೈಯಲಿ ಅಂತ ಕಾದಳು. ಚೀಲಕ್ಕೆ ಯಾಕೆ ಕೈ ಹಾಕಿದೆ ಅನ್ನಲಿ, ಯಾರನ್ನು ಹುಡುಕಿದೆ ಅನ್ನಲಿ. ಅವರು ಬೈಯಲಿಲ್ಲ, ಬಿರಡೆಯನ್ನು ಸೀಸೆಗೆ ಹಾಕಿದರು, ಒಮ್ಮೆಗೆ ಕೂರಲಿಲ್ಲ, ಎರಡನೇ ಸಲಕ್ಕೆ ಕೂತಿತು, ತಿರುಗಿ, ದಿನದ ಹಾಗೆಯೇ, ಕೈ ಚಾಚಿದರು, ದಿನದ ಮಾತು ಮಾತ್ರ ಆಡಲಿಲ್ಲ. ಅವಳು ಮೂಸಲಿಲ್ಲ, ಮೂಸುವ ಅಗತ್ಯವಿರಲಿಲ್ಲ. ಇದು ಕೇದಿಗೆ ರೀ, ಅಂದಳು. ಅವರ ಎಡಗೈ ತಾನಾಗಿ ಮೇಲೆದ್ದು ಎದೆಯ ಮೇಲಿನ ಕರಡಿಗೆಯನ್ನು ಮುಚ್ಚಿತು, ಮುಚ್ಚಿದ ಕೈಯಲ್ಲಿಯೂ ಅದೇ ಇದೆ ಅಂತ ತಿಳಿದವರ ಹಾಗೆ ಮತ್ತೆ ತೆಗೆಯಿತು, ಎಲ್ಲಿ ಇಡಬೇಕೆಂದು ಗೊತ್ತಾಗದೆ ಗಾಳಿಯಲ್ಲಿ ನಿಂತಿತು. ಯಾವತ್ತಿನಿಂದ, ಅಂದರು. ಮೊದಲನೇ ದಿನದಿಂದ, ಒಂದನೇದು ಗುಲಾಬಿ ಅಲ್ಲ ಸುರಗಿ, ಎರಡನೇದು ಮಲ್ಲಿಗೆ, ಅದೇ ಎಲ್ಲದಕ್ಕಿಂತ ಚೆನ್ನಾಗಿತ್ತು, ನಾನು ಎಲ್ಲಾ ಸುಳ್ಳು ಹೇಳಿದೆ. ಯಾಕೆ ಅಂತಲೂ ಅವಳೇ ಹೇಳಿದಳು, ನೀವು ತಿದ್ದುತ್ತೀರಿ ಅಂತ. ತಿದ್ದಿದ್ದರೆ ಸಾಕಾಗಿತ್ತು ನನಗೆ. ಜ್ವರ ಬಿಟ್ಟಾಗಿನಿಂದ ಏನೂ ಬರವಲ್ದು ಜಗದಾ, ಅಂದರು, ನೀನು ಪಕ್ಕದಾಗ ಮಲಗಿದ್ರೂ ನಿನ್ನ ವಾಸನಿ ಬರವಲ್ದು.

ಕಾರ್ಖಾನೆಯ ಮೊದಲ ಸೈರನ್ನು ಕೂಗಿತು. ಹತ್ತು ಗಂಟೆಗೆ ಇನ್ನೂ ಹೊತ್ತಿದೆ, ಪುಟ ತೆಗೆದು ಬೇರೆ ಬರೆಯಬಹುದು, ಅವಳು ಹೇಳುತ್ತಾಳೆ, ಅವರು ಬರೆಯುತ್ತಾರೆ, ಸುರಗಿ, ಮಲ್ಲಿಗೆ, ತೊಟ್ಟಿನ ಹಸಿ, ಇವತ್ತಷ್ಟೇ ಅಲ್ಲ, ನಾಳೆಯೂ ಬರೆಯಬಹುದು, ಕಾರ್ಖಾನೆಯಿಂದ ಪಟ್ಟಿಗಳನ್ನು ಮನೆಗೆ ತರಲಿ, ಅವಳ ಮೂಗಿಗೆ ಎಲ್ಲ ಗೊತ್ತು, ಹನ್ನೊಂದು ವರ್ಷ ಅವರ ಅಂಗಿಗಳಲ್ಲೇ ಕಲಿತದ್ದು, ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಕೊಡಿ, ಸರಿಯಾಗಿ ನೋಡಿ ಹೇಳುತ್ತೇನೆ ಅಂತ ಮುಖ ಮುಂದೆ ತಂದಳು, ತಂದವಳು ಅವರ ಕಣ್ಣು ನೋಡಿ ನಿಂತಳು. ಆ ನೋಟ ಅವಳಿಗೆ ಗೊತ್ತು. ಎರಡು ತಿಂಗಳಿನಿಂದ ತನ್ನ ಮುಖದಲ್ಲಿದ್ದದ್ದು. ಇನ್ನು ಅವಳು ಮಲ್ಲಿಗೆ ಅಂದರೆ ಅದು ಮಲ್ಲಿಗೆಯೇ ಅಂತ ಅವರಿಗೆ ಹೇಳುವವರು ಯಾರು, ಕೇದಿಗೆ ಅಂದದ್ದು ಕೇದಿಗೆಯೇ ಅಂತ ಯಾವ ಮೂಗಿನಿಂದ ನೋಡಿಕೊಳ್ಳುತ್ತಾರೆ, ಇವತ್ತು ನಿಜ ಹೇಳಿದಳು ಅಂತ ಯಾರನ್ನು ಕೇಳುತ್ತಾರೆ, ನಾಳೆ — ಚಾಚಿದ ಕೈ ಸ್ವಲ್ಪ ಹಿಂದಕ್ಕೆ ಹೋಯಿತೇ, ಇಲ್ಲ, ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ, ಇಬ್ಬರ ನಡುವೆ ಒಂದು ಗೇಣು, ಬಿಳಿಯ ಚರ್ಮ, ನೀಲಿ ನರ, ನರದ ಮೇಲೆ ಆರದ ಒಂದು ಹನಿ, ನರ ಮಿಡಿದಾಗಲೆಲ್ಲ ಹನಿಯೂ ಮಿಡಿಯುತ್ತದೆ, ಮಣಿಕಟ್ಟು, ಅಲ್ಲೇ ಇದೆ, ಬರುತ್ತಿಲ್ಲ, ಹೋಗುತ್ತಿಲ್ಲ, ಮಣಿಕಟ್ಟು